ಚಕ್ರದ ಮೇಲಿನ ಮನೆಗೂ ಒಂದು ಗುಂಡುತೋಪು ಬೇಕು

"ಹಳೇ ಬಸ್ಸೋ ವ್ಯಾನೋ ತಗೊಂಡು, ಸೀಟೆಲ್ಲಾ ಕಿತ್ತಾಕಿ, ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿದ್ರೆ ಮನೇನೇ ಓಡಿಸ್ಕೊಂಡು ಹೋಗಬಹುದಲ್ವಾ?"

ಈ ಪ್ರಶ್ನೆ ಈಗ ಗೌರಿಬಿದನೂರಿನ ಟೀ ಅಂಗಡಿಗಳಲ್ಲೂ ಕೇಳಿಸುತ್ತದೆ. ಫೋನಿನಲ್ಲಿ ಅಂಥ ವಿಡಿಯೊ ನೋಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಇದು ಹೊರದೇಶದವರ ಶೋಕಿ, ನಮಗೂ ಅದಕ್ಕೂ ಏನು ಸಂಬಂಧ ಎಂದೇ ನಾವೂ ಮೊದಲು ಅಂದುಕೊಂಡಿದ್ದೆವು. ಹುಡುಕುತ್ತಾ ಹೋದಾಗ ಕಥೆ ನಮ್ಮ ಜಾತ್ರೆಗಳಲ್ಲಿ, ಪಕ್ಕದ ಹಿಂದೂಪುರದಲ್ಲಿ, ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಸಿಕ್ಕಿತು. ಅದನ್ನೇ ಇಲ್ಲಿ ಹೇಳುತ್ತಿದ್ದೇವೆ.

ಗಾಡಿಯೇ ಮನೆಯಾಗಿದ್ದ ಕಾಲ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನಮ್ಮ ಕಡೆಯ ರೈತರಿಗೆ ಹೊಸದಲ್ಲ. ಪುಷ್ಯ ಮಾಸದ ಷಷ್ಠಿಯ ರಥೋತ್ಸವದ ಆಸುಪಾಸಿನಲ್ಲಿ ಹಳ್ಳಿಕಾರ್ ಎತ್ತುಗಳನ್ನು ಹೊಡೆದುಕೊಂಡು ಹೋದವರು ದಿನಗಟ್ಟಲೆ ಅಲ್ಲೇ ಉಳಿಯುತ್ತಿದ್ದರು. ಆ ದಿನಗಳಲ್ಲಿ ಗಾಡಿಯೇ ಮನೆ. ಮೇಲೆ ಕಮಾನು, ಒಳಗೆ ಹುಲ್ಲು ಮತ್ತು ಕಂಬಳಿ, ಗಾಡಿ ಪಕ್ಕದಲ್ಲಿ ಮೂರು ಕಲ್ಲಿನ ಒಲೆ, ಚೀಲದಲ್ಲಿ ರಾಗಿ ಹಿಟ್ಟು. ರಾತ್ರಿ ಗಾಡಿಯ ಕೆಳಗೇ ನಿದ್ದೆ.

ಈ ಗಾಡಿಗಳು ದಾರಿಯಲ್ಲಿ ಎಲ್ಲಿ ನಿಲ್ಲುತ್ತಿದ್ದವು? ಗುಂಡುತೋಪಿನಲ್ಲಿ. ಮಾವು, ಹುಣಸೆ, ನೇರಳೆ, ಹೊಂಗೆ ನೆಟ್ಟು ಊರವರೆಲ್ಲರಿಗೆ ಮತ್ತು ದಾರಿಹೋಕರಿಗೆಂದು ಬಿಟ್ಟ ಜಾಗ ಅದು. ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಕಂದಾಯ ದಾಖಲೆಗಳಲ್ಲಿ ಇಂದಿಗೂ ಆ ಹೆಸರಿನಿಂದಲೇ ಇದೆ. ಹತ್ತಿರದಲ್ಲಿ ಕುಂಟೆಯೋ ಬಾವಿಯೋ ಇದ್ದರೆ ಎತ್ತಿಗೂ ನೀರು, ಮನುಷ್ಯರಿಗೂ ನೀರು. ಬೇಸಿಗೆಯಲ್ಲಿ ದಾರಿ ಬದಿಯ ಅರವಟ್ಟಿಗೆಯಲ್ಲಿ ಮಜ್ಜಿಗೆ, ಪಾನಕ. ಹೀಗೆ ನಿಲ್ಲಲು ಜಾಗ ಇದ್ದುದರಿಂದಲೇ ಗಾಡಿಯನ್ನು ಮನೆ ಮಾಡಿಕೊಳ್ಳಲು ಆಗುತ್ತಿತ್ತು.

ಬಸ್ಸು ಬಂತು

ಮೋಟಾರು ಬಸ್ಸು ನಮ್ಮ ಸೀಮೆಗೆ ಬಂದ ಮೇಲೂ ಅದು ಎಲ್ಲರ ಕೈಗೆ ಎಟುಕುತ್ತಿರಲಿಲ್ಲ. ನಮ್ಮ ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು 1935ರಲ್ಲಿ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಹೋದದ್ದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಎರಡನೇ ಮಹಾಯುದ್ಧ ಶುರುವಾದಾಗ ಪೆಟ್ರೋಲಿಗೆ ಕಡಿವಾಣ ಬಿತ್ತು. ಆಗ ಬಸ್ಸಿನ ಹಿಂದೆ ಇದ್ದಿಲ ಒಲೆಯಂಥ ಉದ್ದನೆಯ ಡ್ರಮ್ಮು ಕೂರಿಸಿ, ಇದ್ದಿಲಿನ ಗ್ಯಾಸಿನಿಂದ ಎಂಜಿನ್ ಓಡಿಸಿದರು. ಹೊರಡುವ ಮುಂಚೆಯೇ ಬೆಂಕಿ ಹಾಕಿ ತಿದಿ ತಿರುಗಿಸಬೇಕು. ದಿಣ್ಣೆ ಬಂದರೆ ಬಸ್ಸಿಗೆ ಏದುಸಿರು. ಇದ್ದ ವಾಹನವನ್ನು ಕೈಗೆ ಸಿಕ್ಕಿದ್ದರಲ್ಲಿ ಮಾರ್ಪಡಿಸಿಕೊಳ್ಳುವುದನ್ನು ನಮ್ಮ ಮೆಕ್ಯಾನಿಕ್ಕುಗಳು ಆಗಲೇ ಕಲಿತಿದ್ದರು.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. ಅದೇ ಇವತ್ತಿನ ಕೆಎಸ್ಆರ್‌ಟಿಸಿಯ ಬೇರು.

ಒಂದು ವಿಷಯ ಇಲ್ಲಿ ತಿಳಿದಿರಬೇಕು. ನಮ್ಮ ಬಸ್ಸು ಎರಡು ಭಾಗದ್ದು. ಕೆಳಗೆ ಏಣಿಯಂಥ ಕಬ್ಬಿಣದ ಚಾಸಿ, ಎಂಜಿನ್, ಗಾಲಿಗಳು. ಮೇಲೆ ಬೇರೆಯಾಗಿ ಕಟ್ಟಿದ ಬಾಡಿ. ಹಿಂದೆ ಮರದ ಚೌಕಟ್ಟಿಗೆ ತಗಡು ಹೊಡೆಯುತ್ತಿದ್ದರು, ಆಮೇಲೆ ಕಬ್ಬಿಣ ಬಂತು. ಬಾಡಿ ಕಟ್ಟುವುದೇ ಒಂದು ಕಸುಬಾದ್ದರಿಂದ, ಹಳೇ ಗಾಡಿಯನ್ನು ಬಿಚ್ಚಿ ಬೇರೆ ರೂಪ ಕೊಡುವ ಕೈಗಳು ಇಲ್ಲಿ ಯಾವಾಗಲೂ ಇದ್ದವು.

ಹಸಿರು ಷೆವರ್ಲೆ

ಹಳೇ ವ್ಯಾನೊಂದು ಮನೆಯಾದ ದೊಡ್ಡ ಕಥೆ ಇರುವುದು ಗಡಿಯಾಚೆ. ವಿದುರಾಶ್ವತ್ಥ ದಾಟಿದರೆ ಹಿಂದೂಪುರ. ಅಲ್ಲಿನ ಸಂತೆ ನಮ್ಮದು, ಅಲ್ಲಿನ ಸಿನಿಮಾ ನಮ್ಮದು, ಎಷ್ಟೋ ಮನೆಗಳಲ್ಲಿ ಮಾತೂ ಅದೇ ತೆಲುಗು. ಆ ಹಿಂದೂಪುರದಿಂದ 1985, 1989 ಮತ್ತು 1994ರಲ್ಲಿ ಗೆದ್ದವರು ಎನ್.ಟಿ. ರಾಮರಾವ್.

1982ರ ಮಾರ್ಚ್ 29ರಂದು ಹೈದರಾಬಾದಿನಲ್ಲಿ ಅವರು ತೆಲುಗು ದೇಶಂ ಪಕ್ಷ ಕಟ್ಟಿದಾಗ ವಯಸ್ಸು ಅರವತ್ತರ ಹತ್ತಿರ. ಕಾಂಗ್ರೆಸ್ ಸರ್ಕಾರದಲ್ಲಿ 1978ರಿಂದ 1982ರ ಒಳಗೆ ನಾಲ್ವರು ಮುಖ್ಯಮಂತ್ರಿಗಳು ಬಂದಿದ್ದರು. "ತೆಲುಗರ ಆತ್ಮಗೌರವ" ಎಂಬ ಮಾತು ಜನರಿಗೆ ತಟ್ಟಿತು. ಆದರೆ ಹೊಸ ಪಕ್ಷಕ್ಕೆ ಹಳ್ಳಿಗಳಲ್ಲಿ ಕಚೇರಿ ಇಲ್ಲ, ಕಾರ್ಯಕರ್ತರ ಪಡೆ ಇಲ್ಲ. ಚುನಾವಣೆಗೆ ಉಳಿದಿದ್ದುದು ಒಂಬತ್ತು ತಿಂಗಳು.

ಅವರು ಒಂದು ಹಳೇ ಷೆವರ್ಲೆ ವ್ಯಾನನ್ನು ಮಾರ್ಪಡಿಸಿಕೊಂಡರು. ಹಸಿರು ಬಣ್ಣ, ಹಳದಿ ಬಾವುಟ, ಮೈಕು, ಮೇಲೆ ನಿಂತು ಭಾಷಣ ಮಾಡಲು ಜಾಗ. ಹೆಸರು ಚೈತನ್ಯ ರಥಂ. ಚಕ್ರ ಹಿಡಿದದ್ದು ಮಗ ಹರಿಕೃಷ್ಣ. ತೆರೆಯ ಮೇಲೆ ಕಿರೀಟ ಹೊತ್ತು ಕೃಷ್ಣನಾಗಿದ್ದವರು ಖಾಕಿ ಬಟ್ಟೆ ತೊಟ್ಟು ವ್ಯಾನಿನಲ್ಲೇ ಮಲಗಿ, ರಸ್ತೆ ಬದಿಯಲ್ಲೇ ಸ್ನಾನ ಮಾಡಿ, ಅಲ್ಲೇ ಊಟ ಮಾಡಿದರು. ಆ ಸ್ನಾನದ ಫೋಟೊಗಳು ಪತ್ರಿಕೆಗಳಲ್ಲಿ ಬಂದವು. ಪ್ರಚಾರಕ್ಕೆ ಅದು ಎಷ್ಟು ನೆರವಾಯಿತೆಂದು ಬೇರೆ ಹೇಳಬೇಕಿಲ್ಲ.

ಆ ವ್ಯಾನು ಒಟ್ಟು 75,000 ಕಿ.ಮೀ. ಓಡಿತೆಂದು ಹೇಳುತ್ತಾರೆ. 1983ರ ಜನವರಿಯಲ್ಲಿ 294 ಸ್ಥಾನಗಳ ಪೈಕಿ 200ಕ್ಕೂ ಹೆಚ್ಚು ಗೆದ್ದು, ಜನವರಿ 9ರಂದು ಎನ್.ಟಿ.ಆರ್. ಮುಖ್ಯಮಂತ್ರಿಯಾದರು. ಮಾರನೇ ದಿನ ಬೆಂಗಳೂರಿನಲ್ಲಿ ರಾಮಕೃಷ್ಣ ಹೆಗಡೆ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾಗಿ ಪ್ರಮಾಣ ಸ್ವೀಕರಿಸಿದರು. ಗಡಿಯ ಎರಡೂ ಕಡೆ ಗಾಳಿ ಬದಲಾಗಿತ್ತು.

ಅಂದಿನಿಂದ ಇಂದಿನವರೆಗೆ ಎಷ್ಟು ರಥಗಳು ಬಂದವು, ಎಷ್ಟು ಬಸ್ ಯಾತ್ರೆಗಳು ಹೋದವು! 2022ರಲ್ಲಿ ಮುಳಬಾಗಿಲಿನಿಂದ ಹೊರಟ ಪಂಚರತ್ನ ರಥಯಾತ್ರೆ, 2023ರಲ್ಲಿ ಬೆಳಗಾವಿಯಿಂದ ಹೊರಟ ಪ್ರಜಾಧ್ವನಿ ಬಸ್ ಯಾತ್ರೆ ನಿಮಗೆ ನೆನಪಿರಬಹುದು. ಅವು ನಿಲ್ಲಲು ಯಾವ ಊರಿನಲ್ಲೂ ಜಾಗಕ್ಕೆ ಬರವಾಗಲಿಲ್ಲ.

ಇದಕ್ಕೂ ಬಹಳ ಹಿಂದೆ, 1885ರಲ್ಲಿ, ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ವೈದ್ಯ ಬರೀ ಸುತ್ತಾಟಕ್ಕೆಂದೇ ಕುದುರೆ ಎಳೆಯುವ ಮನೆಗಾಡಿ ಮಾಡಿಸಿಕೊಂಡಿದ್ದ. ಇಂದಿನ ವಿಡಿಯೊಗಳ ಮೂಲ ಪುರುಷ ಅವನು. ನಮ್ಮ ಕಡೆಯ ದಾರಿ ಬೇರೆ. ಇಲ್ಲಿ ಮನೆಯನ್ನು ಚಕ್ರಕ್ಕೆ ಏರಿಸಿದವರಿಗೆ ಎತ್ತು ಮಾರಬೇಕಿತ್ತು, ಇಲ್ಲವೇ ಓಟು ಕೇಳಬೇಕಿತ್ತು.

ಸೇವೆ ಮುಗಿದ ಬಸ್ಸುಗಳು

2020ರಲ್ಲಿ ಕೊರೊನಾ ಬಂದು ಬಸ್ಸುಗಳು ಡಿಪೋದಲ್ಲಿ ನಿಂತಾಗ ಕೆಎಸ್ಆರ್‌ಟಿಸಿ ಕೆಲವು ಬಸ್ಸುಗಳನ್ನು ಸಂಚಾರಿ ಜ್ವರ ಚಿಕಿತ್ಸಾಲಯ ಮಾಡಿತು. ಅದೇ ಆಗಸ್ಟಿನಲ್ಲಿ ಮೆಜೆಸ್ಟಿಕ್ಕಿನ ಕೆಂಪೇಗೌಡ ನಿಲ್ದಾಣದಲ್ಲಿ ಹಳೇ ಬಸ್ಸೊಂದು "ಸ್ತ್ರೀ ಶೌಚಾಲಯ"ವಾಯಿತು. ಒಳಗೆ ಶೌಚಾಲಯಗಳ ಜೊತೆ ಮಗುವಿಗೆ ಹಾಲೂಡಿಸುವ ಜಾಗ, ಸ್ಯಾನಿಟರಿ ಪ್ಯಾಡ್ ಯಂತ್ರ, ಸೋಲಾರ್ ದೀಪ. ಅದೇ ವರ್ಷದ ನವೆಂಬರಿನಲ್ಲಿ ಕೇರಳದ ಸಾರಿಗೆ ನಿಗಮ ಮುನ್ನಾರ್ ಡಿಪೋದಲ್ಲಿ ಹಳೇ ಬಸ್ಸಿನೊಳಗೆ ಮಲಗುವ ಸಾಲುಗಳನ್ನು ಮಾಡಿ, ಪ್ರವಾಸಿಗರಿಗೆ ರಾತ್ರಿಗೆ 100 ರೂಪಾಯಿಗೆ ಕೊಟ್ಟಿತು.

ಮೆಜೆಸ್ಟಿಕ್ಕಿನ ಬಸ್ಸನ್ನು ನೋಡಿ ನಮಗೆ ಅನ್ನಿಸಿದ್ದು ಒಂದೇ. ನಮ್ಮ ಹಳ್ಳಿಗಳಿಂದ ಬೆಳಗಿನ ಬಸ್ಸು ಹತ್ತುವ ಹೆಣ್ಣುಮಕ್ಕಳು ನೀರು ಕುಡಿಯದೆ ಹೊರಡುತ್ತಾರೆ. ದಾರಿಯಲ್ಲಿ ಇಳಿಯಲು ಜಾಗ ಇರುವುದಿಲ್ಲ. ರಾಮರಾವ್ ಅವರು ರಸ್ತೆ ಬದಿಯಲ್ಲಿ ಸ್ನಾನ ಮಾಡಿದ್ದು ಸುದ್ದಿಯಾಯಿತು. ಒಬ್ಬ ಹೆಣ್ಣುಮಗಳು ಹಾಗೆ ಮನೆಗಾಡಿಯಲ್ಲಿ ಹೊರಟರೆ ಎಲ್ಲಿ ನಿಲ್ಲಬೇಕು?

ಕೊಳ್ಳುವ ಮುಂಚೆ

ಈಗ ಮೊದಲ ಪ್ರಶ್ನೆಗೆ ಬರೋಣ. ಹಳೇ ಸರ್ಕಾರಿ ಬಸ್ಸು ಹರಾಜಿನಲ್ಲಿ ಹಿಡಿದು ಓಡಿಸಬಹುದು ಎಂದುಕೊಂಡಿದ್ದರೆ ಆ ದಾರಿ ಹೆಚ್ಚುಕಡಿಮೆ ಮುಚ್ಚಿದೆ. 2023ರ ಏಪ್ರಿಲ್ 1ರಿಂದ ಸರ್ಕಾರದ ಮತ್ತು ಸಾರಿಗೆ ನಿಗಮಗಳ 15 ವರ್ಷ ದಾಟಿದ ವಾಹನಗಳ ನೋಂದಣಿ ನವೀಕರಣ ಇಲ್ಲ. ಅವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ಉಳಿದದ್ದು ಖಾಸಗಿ ಬಸ್ಸು, ಟೆಂಪೋ, ವ್ಯಾನುಗಳು.

ಅದರಲ್ಲೂ ಮನಸ್ಸಿಗೆ ಬಂದಂತೆ ಬದಲಿಸಲು ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದಕ್ಕೆ ಅಡ್ಡ ನಿಲ್ಲುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದಿತು. ಆದ್ದರಿಂದ ಅಡ್ವಾನ್ಸ್ ಕೊಡುವ ಮುಂಚೆ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ತೂಕವನ್ನೂ ಲೆಕ್ಕ ಹಾಕಿ. 500 ಲೀಟರ್ ನೀರೆಂದರೆ ಅರ್ಧ ಟನ್. ಅದನ್ನು ಚಾವಣಿ ಮೇಲೆ ಕೂರಿಸಿದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ಟ್ಯಾಂಕು ಕೆಳಗೆ, ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಇರಬೇಕು. ಕಮಾನು ಗಾಡಿಗೆ ಹೇರು ತುಂಬುತ್ತಿದ್ದವರು ನೊಗದ ಭಾರ ನೋಡಿಕೊಂಡೇ ತುಂಬುತ್ತಿದ್ದರು. ಇಲ್ಲಿಯೂ ಅದೇ ಲೆಕ್ಕ.

ಇಷ್ಟಾದ ಮೇಲೆ ಉಳಿಯುವುದು ನಿಲ್ಲುವ ಜಾಗದ ಪ್ರಶ್ನೆ. ಹೈವೇ ಬದಿಯಲ್ಲಿ ನಿಲ್ಲಿಸಿ ಮಲಗುವುದು ಪ್ರಾಣಕ್ಕೆ ಅಪಾಯ. ಊರೊಳಗೆ ರಸ್ತೆ ಕಿರಿದು. ಹಿಂದೆ ಗಾಡಿಗಳು ನಿಂತಿದ್ದ ಗುಂಡುತೋಪುಗಳು ಎಷ್ಟೋ ಕಡೆ ಒತ್ತುವರಿಯಾಗಿವೆ, ಕೆಲವು ಕಡೆ ಕಟ್ಟಡಗಳೆದ್ದಿವೆ, ಇನ್ನು ಕೆಲವು ಕಡೆ ಕಸದ ಗುಡ್ಡೆಯಾಗಿವೆ.

ಉಳಿದಿರುವ ಒಂದು ತೋಪಿಗೆ ಪಂಚಾಯಿತಿ ಒಂದು ನಲ್ಲಿ, ಎರಡು ಶೌಚಾಲಯ, ಒಂದು ದೀಪ ಹಾಕಿಸಿತು ಅಂದುಕೊಳ್ಳಿ. ಅಲ್ಲಿ ಮನೆಗಾಡಿ ಮಾತ್ರ ನಿಲ್ಲುವುದಿಲ್ಲ. ಮಾರ್ಕೆಟ್ಟಿಗೆ ಟೊಮ್ಯಾಟೊ ಹೇರಿಕೊಂಡು ಹೋಗುವ ಟೆಂಪೋದವರು, ಕುರಿ ಮಂದೆಯವರು, ವಿದುರಾಶ್ವತ್ಥಕ್ಕೆ ನಡೆದು ಹೋಗುವ ಭಕ್ತರು, ಬಸ್ಸಿಗೆ ಕಾಯುವ ಹೆಣ್ಣುಮಕ್ಕಳು, ಎಲ್ಲರಿಗೂ ಅದು ತಂಗುವ ಜಾಗವಾಗುತ್ತದೆ.

ಬಸ್ಸು ಕೊಳ್ಳುವ ಆಸೆ ಇರುವವರು ಕೊಳ್ಳಲಿ. ಮೊದಲು ಒಂದು ದಿನ ಬಿಡುವು ಮಾಡಿಕೊಂಡು, ನಿಮ್ಮೂರಿನ ಗುಂಡುತೋಪು ಯಾವ ಸರ್ವೆ ನಂಬರಿನಲ್ಲಿದೆ, ಎಷ್ಟು ಎಕರೆ ಇತ್ತು, ಈಗ ಎಷ್ಟಿದೆ ಎಂದು ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ ಬನ್ನಿ. ಗಾಡಿ ಹೊಡೆದ ತಾತಂದಿರು ಮನೆಯಲ್ಲಿದ್ದರೆ ಘಾಟಿ ಜಾತ್ರೆಗೆ ಹೋಗುವಾಗ ಯಾವ ಮರದ ಕೆಳಗೆ ಇಳಿಯುತ್ತಿದ್ದರೆಂದು ಅವರನ್ನೂ ಕೇಳಿ. ಗೊತ್ತಾದದ್ದನ್ನು ನಮಗೂ ತಿಳಿಸಿ. ಊರಿಂದೂರಿಗೆ ಸೇರಿಸಿ ಬರೆಯುವ ಕೆಲಸ ನಮ್ಮದು.