ಕ್ಯಾನ್ಸರಿಗೆ ಜೋಡಿ ಔಷಧ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ತಂಬಾಕು ಅಗಿಯುವವರನ್ನು ನೀವು ಕಂಡಿರುತ್ತೀರಿ. ಬಾಯಿಯ ಕ್ಯಾನ್ಸರಿಗೆ ಅದು ಮುಖ್ಯ ಕಾರಣ. ರೋಗ ಬಲಿತ ಮೇಲೆ ಒಂದೇ ಔಷಧ ಏಕೆ ಸಾಲದು?

ಹತ್ತು ಲಕ್ಷ ಜೀವಕೋಶಗಳಲ್ಲಿ ಒಂದು ಆ ಔಷಧಕ್ಕೆ ಬಗ್ಗದು ಎಂದುಕೊಳ್ಳಿ. ಬೇರೆ ಬಗೆಯಲ್ಲಿ ವರ್ತಿಸುವ ಎರಡನೆಯದನ್ನೂ ಕೊಟ್ಟರೆ, ಎರಡಕ್ಕೂ ಬಗ್ಗದ ಕೋಶ ಲಕ್ಷ ಕೋಟಿಗೊಂದು. ಕ್ಷಯರೋಗದಲ್ಲಿ ಫಲಿಸಿದ್ದ ಈ ಉಪಾಯವನ್ನು ಅಮೆರಿಕದ ವೈದ್ಯರು ಕ್ಯಾನ್ಸರಿಗೂ ಅನ್ವಯಿಸಿದರು. ಹಾಡ್ಜ್‌ಕಿನ್ ರೋಗಕ್ಕೆ ನಾಲ್ಕು ಔಷಧಗಳನ್ನು ಕೂಡಿಸಿ ಕೊಟ್ಟ ಪ್ರಯೋಗದ ವರದಿ 1970ರಲ್ಲಿ ಬಂತು. 43 ರೋಗಿಗಳ ಪೈಕಿ 35 ಮಂದಿಯಲ್ಲಿ ರೋಗದ ಗುರುತು ಪೂರ್ತಿ ಮಾಯವಾಗಿತ್ತು.

ಆದರೆ ಪ್ರತಿಯೊಂದು ಜೋಡಿಯನ್ನೂ ಹೋಲಿಸಿಯೇ ನೋಡಬೇಕು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 2016-20ರಲ್ಲಿ ತಲೆ-ಕತ್ತಿನ ಬಲಿತ ಕ್ಯಾನ್ಸರಿನ 422 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಮೂರು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಸಿಸ್‌ಪ್ಲಾಟಿನ್. ಇನ್ನೊಂದಕ್ಕೆ ಮೆಥೊಟ್ರೆಕ್ಸೇಟ್ ಮತ್ತು ಸೆಲೆಕಾಕ್ಸಿಬ್ ಗುಳಿಗೆಗಳು. ಮೊದಲ ಗುಂಪಿನ ಮಧ್ಯಕ ಆಯುಸ್ಸು 6.1 ತಿಂಗಳು, ಎರಡನೆಯದರದು 7.5 ತಿಂಗಳು. ಗುಳಿಗೆಯವರಲ್ಲಿ ತೀವ್ರ ಅಡ್ಡಪರಿಣಾಮಗಳೂ ಕಡಿಮೆ.

ಇಷ್ಟೇ ಲಾಭವೇ ಎನ್ನುವಿರಾ? ಇದು ರೋಗ ವಾಸಿಯಾಗುವ ಮಾತಲ್ಲ, ನಿಜ. ಆದರೆ ರಾಮದುರ್ಗದ ರೋಗಿಯೊಬ್ಬರು ಉಳಿದ ದಿನಗಳಲ್ಲಿ ಹೆಚ್ಚಿನವನ್ನು ಆಸ್ಪತ್ರೆಯ ದಾರಿಯಲ್ಲಿ ಕಳೆಯದೆ, ಮನೆಯವರ ನಡುವೆ ಕಳೆಯಬಹುದು.