ಬಾಬಾಸಾಹೇಬರು ಕೂತ ಓದುಮನೆಗಳು

ಬಾಬಾಸಾಹೇಬರ ಪ್ರತಿಮೆ ಇವತ್ತು ಊರೂರಲ್ಲಿ ನಿಂತಿದೆ. ಕೈಯಲ್ಲಿ ಪುಸ್ತಕ ಇದೆ. ಅದು ಸಂವಿಧಾನ ಅಂತ ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಸರಿಯೇ. ಆದರೆ ಸಂವಿಧಾನಕ್ಕೆ ಮೂವತ್ತು ವರ್ಷ ಮುಂಚೆ ಆ ಕೈ ಬೇರೆ ಪುಸ್ತಕಗಳನ್ನು ಹಿಡಿದಿತ್ತು. ಕಂದಾಯದ ಲೆಕ್ಕ, ಬಜೆಟ್ಟು, ಆಯೋಗಗಳ ವರದಿ, ನಾಣ್ಯದ ಚರಿತ್ರೆ. ಇವು ಅವರಿಗೆ ಎಲ್ಲಿ ಸಿಕ್ಕವು? ಅವುಗಳೊಳಗಿಂದ ಅವರು ಏನನ್ನು ಹೊರಗೆ ತೆಗೆದರು? ಈ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದುವ ನಮ್ಮ ಹುಡುಗ ಹುಡುಗಿಯರಿಗಾದರೂ ಇದು ಗೊತ್ತಿರಬೇಕು.

ಭೀಮರಾವ್ ಎಂಬ ಹುಡುಗ ಶಾಲೆಯಲ್ಲಿ ಕೂರುತ್ತಿದ್ದದ್ದು ಮೂಲೆಯಲ್ಲಿ, ಒಂದು ಗೋಣಿತಟ್ಟಿನ ಮೇಲೆ. ಕಸ ಗುಡಿಸುವ ಆಳು ಆ ಗೋಣಿತಟ್ಟನ್ನು ಮುಟ್ಟುತ್ತಿರಲಿಲ್ಲ. ಸಂಜೆ ಅದನ್ನು ಮನೆಗೆ ಹೊತ್ತುಕೊಂಡು ಹೋಗಿ ಬೆಳಿಗ್ಗೆ ಮತ್ತೆ ತರಬೇಕಿತ್ತು. ಇದನ್ನು ಅವರೇ ಬರೆದಿಟ್ಟಿದ್ದಾರೆ. ಇಂಥ ಹುಡುಗ 1913ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದ. ಅಲ್ಲಿನ ಗ್ರಂಥಾಲಯದಲ್ಲಿ ಅವನಿಗೆ ಕುರ್ಚಿ ಸಿಕ್ಕಿತು, ಮೇಜು ಸಿಕ್ಕಿತು. ಕೇಳಿದ ಪುಸ್ತಕ ಕೈಗೇ ಬಂತು. ಮೇಲಿಂದ ಎಸೆಯಲಿಲ್ಲ, ದೂರ ಇಟ್ಟು ಸರಿಯಲಿಲ್ಲ. ಕುರ್ಚಿಯ ಮೇಲೆ ಹುಟ್ಟಿನಿಂದಲೇ ಕೂತವರಿಗೆ ಇದು ದೊಡ್ಡ ಸಂಗತಿ ಅನ್ನಿಸಲಿಕ್ಕಿಲ್ಲ. ಗೋಣಿತಟ್ಟು ಹೊತ್ತವರಿಗೆ ಗೊತ್ತು.

ಕೊಲಂಬಿಯಾದಲ್ಲಿ ಸಾರ್ವಜನಿಕ ಹಣಕಾಸು ಕಲಿಸಿದವರು ಸೆಲಿಗ್‌ಮನ್. ತೆರಿಗೆಯನ್ನು ಯಾರಿಂದ ಎತ್ತುತ್ತಾರೆ, ಯಾರಿಗಾಗಿ ಖರ್ಚು ಮಾಡುತ್ತಾರೆ ಅನ್ನುವುದೇ ಆ ಶಾಸ್ತ್ರ. 1915ರಲ್ಲಿ, 24ನೇ ವಯಸ್ಸಿನಲ್ಲಿ, ಬಾಬಾಸಾಹೇಬರು ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಮೇಲೆ ಎಂ.ಎ. ಪ್ರಬಂಧ ಬರೆದರು. ಕಂಪನಿ ಭೂಕಂದಾಯ ಹೇಗೆ ಎತ್ತಿತು, ಜನರ ಕೆಲಸಕ್ಕೆ ಎಷ್ಟು ಕಡಿಮೆ ಹಾಕಿತು ಅನ್ನುವುದನ್ನು ಅಂಕಿಅಂಶ ಹಿಡಿದು ತೋರಿಸಿದರು. ನಮ್ಮ ಅಜ್ಜಂದಿರು ಉತ್ತು ಬೆಳೆದದ್ದರ ಲೆಕ್ಕ ನಮ್ಮ ಕೇರಿಯಲ್ಲಿ ಇರಲಿಲ್ಲ. ಅದು ಸಾವಿರಾರು ಮೈಲಿ ಆಚೆ ಒಂದು ಓದುಮನೆಯ ಕಪಾಟಿನಲ್ಲಿತ್ತು.

1916ರಲ್ಲಿ ಅವರು ಲಂಡನ್ನಿನ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಈ ಶಾಲೆ ಶುರುವಾದದ್ದು 1895ರಲ್ಲಿ. ಮಾರನೇ ವರ್ಷವೇ, 1896ರಲ್ಲಿ, ಅದರ ಗ್ರಂಥಾಲಯವನ್ನು ಕಟ್ಟಿದರು. ಸಿಡ್ನಿ ವೆಬ್ ಮತ್ತು ಬಿಯಾಟ್ರಿಸ್ ವೆಬ್ ದಂಪತಿಗಳು ಇದಕ್ಕೆ ದುಡಿದವರು. ಅವರಿಗೆ ಬೇಕಾಗಿದ್ದದ್ದು ಬರೀ ಪಠ್ಯಪುಸ್ತಕಗಳಲ್ಲ. ಸರ್ಕಾರದ ವರದಿಗಳು, ನಗರಸಭೆಗಳ ಲೆಕ್ಕಪತ್ರ, ಕರಪತ್ರಗಳು ಎಲ್ಲ ಒಂದೇ ಸೂರಿನಡಿ ಸಿಗಬೇಕಿತ್ತು. ಅವರು ಸೇರಿಸಿದ್ದ ಕಾರ್ಮಿಕ ಸಂಘಗಳ ಕಾಗದಪತ್ರಗಳೂ ಅಲ್ಲಿಗೇ ಬಂದವು. ಆಳುವವರು ಆಳಿದ್ದಕ್ಕೆ ಕಾಗದ ಬಿಟ್ಟಿರುತ್ತಾರೆ. ಆ ಕಾಗದವನ್ನು ಕೂಡಿಸಿ, ಜೋಡಿಸಿ, ಕೇಳಿದವನ ಮುಂದೆ ಇಡುವುದೇ ಅರ್ಥಶಾಸ್ತ್ರದ, ರಾಜಕೀಯದ ವಿದ್ಯಾರ್ಥಿಗೆ ಗ್ರಂಥಾಲಯ ಮಾಡಬೇಕಾದ ಮೊದಲ ಸೇವೆ.

ಇದಕ್ಕೆ ಮುಂಚೆ ಇದೇ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯದಲ್ಲಿ ಕಾರ್ಲ್ ಮಾರ್ಕ್ಸ್ ಕೂತಿದ್ದ. ಕಾರ್ಖಾನೆ ಇನ್ಸ್‌ಪೆಕ್ಟರುಗಳು ಸರ್ಕಾರಕ್ಕೆ ಬರೆದ ವರದಿಗಳನ್ನೇ ಸಾಕ್ಷಿಗೆ ಎಳೆದು 1867ರಲ್ಲಿ 'ಬಂಡವಾಳ'ದ ಮೊದಲ ಸಂಪುಟ ತಂದ. ಅದೇ ವಾಚನಾಲಯಕ್ಕೆ ಬಾಬಾಸಾಹೇಬರೂ ಬಂದು ಕೂತರು. ಇಬ್ಬರ ದಾರಿ ಬೇರೆ. ಆದರೆ ದಣಿಯ ಲೆಕ್ಕದ ಪುಸ್ತಕವನ್ನು ದಣಿಯ ಮುಂದೆಯೇ ಬಿಚ್ಚಿ ಓದುವ ಕೆಲಸ ಇಬ್ಬರದೂ ಒಂದೇ.

ಆದರೆ ಓದು ನಡುವಿನಲ್ಲೇ ನಿಂತಿತು. ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ವಾಪಸು ಬರಬೇಕಾಯಿತು. ಕರಾರಿನಂತೆ ಬರೋಡದಲ್ಲಿ ಕೆಲಸಕ್ಕೆ ಸೇರಿದರು. ಇಲ್ಲೊಂದು ಮಾತು ಗಮನಿಸಬೇಕು. ಇದೇ ಸಯಾಜಿರಾವ್ 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲಕನನ್ನು ಕರೆಸಿ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಜಾಲ ಕಟ್ಟಿಸಿದ್ದರು. ಪುಸ್ತಕ ಹಳ್ಳಿಗಳಿಗೂ ಹೋಗುತ್ತಿತ್ತು. ಅಂಥ ಬರೋಡ ಪಟ್ಟಣದಲ್ಲಿ ಕೊಲಂಬಿಯಾದಲ್ಲಿ ಓದಿ ಬಂದ ಅಸ್ಪೃಶ್ಯನಿಗೆ ತಂಗಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಹೆಸರು ಮರೆಸಿಕೊಂಡು ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಪುಸ್ತಕದ ಬಾಗಿಲು ತೆರೆದ ಮಾತ್ರಕ್ಕೆ ಮನೆಯ ಬಾಗಿಲು ತೆರೆಯುವುದಿಲ್ಲ. ನಮ್ಮ ದೇಶದ ಚರಿತ್ರೆ ಇಂಥದು.

1918ರಿಂದ ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ, ಉಳಿಸಿದ ದುಡ್ಡಿಗೆ ಸಾಲ ಸೇರಿಸಿ, 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಗ್ರಂಥಾಲಯದ ಬಾಗಿಲಿಗೆ ಹೋಗಿ, ಸಂಜೆ ಕಡೆಯವರಾಗಿ ಏಳುತ್ತಿದ್ದರು, ಅರೆಹೊಟ್ಟೆಯಲ್ಲಿ ಓದಿದರು ಅಂತ ಜೀವನಚರಿತ್ರೆ ಬರೆದ ಧನಂಜಯ ಕೀರ್ ಹೇಳುತ್ತಾರೆ. 1923ರಲ್ಲಿ 'ರೂಪಾಯಿಯ ಸಮಸ್ಯೆ' ಅಚ್ಚಾಯಿತು. ಪ್ರೊಫೆಸರ್ ಎಡ್ವಿನ್ ಕ್ಯಾನನ್ ಮುನ್ನುಡಿ ಬರೆದರು. ರೂಪಾಯಿಯ ಬೆಲೆ ಇಳಿದರೆ ವ್ಯಾಪಾರಿಗೆ ಲಾಭ; ಪದಾರ್ಥದ ಬೆಲೆ ಏರಿ, ಕೂಲಿ ಅಷ್ಟು ಬೇಗ ಏರದೆ, ಕೂಲಿಕಾರನ ಗಂಟು ಕರಗುತ್ತದೆ ಅನ್ನುವ ಮಾತು ಆ ಪುಸ್ತಕದಲ್ಲಿದೆ. 1925ರಲ್ಲಿ ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸಿನ ಮೇಲಿನ ಪುಸ್ತಕ ಬಂತು. ಅದೇ ವರ್ಷ ನಾಣ್ಯ ಮತ್ತು ಹಣಕಾಸಿನ ರಾಯಲ್ ಆಯೋಗದ ಮುಂದೆ ಅವರು ಸಾಕ್ಷಿ ಹೇಳಿದರು. ಗೋಣಿತಟ್ಟಿನ ಹುಡುಗ ಸಾಮ್ರಾಜ್ಯದ ಲೆಕ್ಕ ಕೇಳಿದ.

ಈಗ ಈ ಓದನ್ನು ಮಹಾಡದ ಕೆರೆಯ ಪಕ್ಕ ಇಟ್ಟು ನೋಡೋಣ. 1923ರ ಆಗಸ್ಟಿನಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಎಸ್.ಕೆ. ಬೋಳೆ ಒಂದು ಠರಾವು ತಂದರು. ಸಾರ್ವಜನಿಕ ಹಣದಲ್ಲಿ ಕಟ್ಟಿ ಕಾಪಾಡುವ ಬಾವಿ, ಕೆರೆ, ಧರ್ಮಶಾಲೆಗಳು, ಹಾಗೆಯೇ ಸರ್ಕಾರಿ ಶಾಲೆ, ಕೋರ್ಟು, ಕಚೇರಿ, ಆಸ್ಪತ್ರೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅನ್ನುವುದು ಅದರ ಸಾರ. ಠರಾವು ಕಾಗದದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಚೌದಾರ್ ಕೆರೆಯ ನೀರು ಮುಟ್ಟಿದರು. ಎಲ್ಲರ ತೆರಿಗೆಯಿಂದ ನಡೆಯುವುದು ಎಲ್ಲರದು. ತೆರಿಗೆಯ ಶಾಸ್ತ್ರ ಓದಿದವನಿಗೆ ಕೆರೆಯ ಪ್ರಶ್ನೆ ಬೇರೆಯಲ್ಲ.

ಗ್ರಂಥಾಲಯಕ್ಕೂ ಅದೇ ನ್ಯಾಯ. ನಮ್ಮಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದ ಮೇಲೆ ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತಾರೆ. ವಿಶ್ವವಿದ್ಯಾನಿಲಯಗಳೂ ಜನರ ದುಡ್ಡಿನಿಂದಲೇ ನಿಂತಿವೆ. ಆದರೂ ನಾವು ಹಾಸ್ಟೆಲಿನಲ್ಲಿದ್ದು ಓದುವಾಗ ಬಜೆಟ್ಟಿನ ಸಂಪುಟ ಕೇಳಿದರೆ, "ಅದೆಲ್ಲ ನಿಮಗ್ಯಾಕ್ರಯ್ಯ, ನೋಟ್ಸ್ ಓದಿಕೊಳ್ಳಿ" ಅಂತ ಗುಮಾಸ್ತರು ಕಳಿಸಿಬಿಡುತ್ತಿದ್ದರು. ಬಾಬಾಸಾಹೇಬರ ಅರ್ಥಶಾಸ್ತ್ರದ ಪುಸ್ತಕಗಳ ಹೆಸರನ್ನು ಪಾಠ ಹೇಳುವವರೂ ಎತ್ತುತ್ತಿರಲಿಲ್ಲ. 1925ರ ಆ ಪುಸ್ತಕ ಮಹಾರಾಷ್ಟ್ರ ಸರ್ಕಾರದ ಸಂಪುಟಮಾಲೆಯ 6ನೇ ಸಂಪುಟದಲ್ಲಿ ಸೇರಿ ಬಂದದ್ದು 1989ರಲ್ಲಿ. ನಡುವೆ 64 ವರ್ಷ! ಅಷ್ಟರಲ್ಲಿ ಎಷ್ಟು ತಲೆಮಾರಿನ ನಮ್ಮ ಹುಡುಗರು ಅರ್ಥಶಾಸ್ತ್ರ ಅಂದರೆ ಅದು ಬೇರೆಯವರ ಸೊತ್ತು ಅಂದುಕೊಂಡು ಎದ್ದು ಹೋದರೋ!

ಈಗ ಆ ಸಂಪುಟಗಳು ಅಂತರಜಾಲದಲ್ಲೂ ಸಿಗುತ್ತವೆ. ಬಜೆಟ್ಟಿನ ಪುಸ್ತಕಗಳೂ ಸಿಗುತ್ತವೆ. 2013ರ ಕಾಯಿದೆಯ ಪ್ರಕಾರ ಪರಿಶಿಷ್ಟರ ಜನಸಂಖ್ಯೆಗೆ ತಕ್ಕಂತೆ ಹಣ ತೆಗೆದಿಡಬೇಕು. ಆ ಹಣ ಯಾವ ಇಲಾಖೆಗೆ ಹೋಯಿತು, ಯಾವ ಹೆಸರಿನಲ್ಲಿ ಖರ್ಚಾಯಿತು ಅನ್ನುವುದು ಆ ಲೆಕ್ಕದಲ್ಲಿದೆ. ಓದುವವರು ಬೇಕು. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ವಿದ್ಯಾರ್ಥಿ ಕಾಲೇಜು ಸೇರಿದ ದಿನ ಗ್ರಂಥಾಲಯದ ಕಾರ್ಡು ಮಾಡಿಸಿದನಾ ಅಂತ ಕೇಳಿ. ಗೆಳೆಯರೇ, ಕೇಳಿದ ಪುಸ್ತಕ ಇಲ್ಲ ಅಂದರೆ ಸುಮ್ಮನೆ ಬರಬೇಡಿ, ತರಿಸಿ ಅಂತ ಬರೆದುಕೊಡಿ. ಒಬ್ಬರ ಅರ್ಜಿಗೆ ಉತ್ತರ ಬರದಿದ್ದರೆ ಹತ್ತು ಜನ ಸೇರಿ ಕೊಡಿ.

ಕೆರೆಯ ನೀರನ್ನು ಬಾಬಾಸಾಹೇಬರು ಬೇಡಿ ತೆಗೆದುಕೊಳ್ಳಲಿಲ್ಲ. ಓದುಮನೆಯ ಕುರ್ಚಿಯನ್ನೂ ನಾವು ಬೇಡಬೇಕಾಗಿಲ್ಲ. ಹೋಗಿ ಕೂರೋಣ. ಲೆಕ್ಕ ತೆಗೆಸಿ ಓದೋಣ.