ತಳಿ ಉಳಿಸಿದ ಕೈಗಳು

ನಾಯಿ ಎಂದರೆ ನಮ್ಮ ಮಾತಿನಲ್ಲಿ ಬೈಗುಳವೇ ಹೆಚ್ಚು. ಕಷ್ಟ ಬಂದರೆ ‘ನಾಯಿಪಾಡು’ ಎನ್ನುತ್ತೇವೆ. ತಿದ್ದಿಕೊಳ್ಳದವರನ್ನು ಕಂಡರೆ ನಾಯಿಬಾಲದ ನೆನಪಾಗುತ್ತದೆ. ಆದರೆ ನಮ್ಮ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿಗಳಲ್ಲಿ, ಹಂದಿ ನುಗ್ಗುವ ಹೊಲವನ್ನು ರಾತ್ರಿಯೆಲ್ಲ ಕಾಯುವ ರೈತನಿಗೆ ಜೊತೆಯಾಗುವುದು ಅದೇ ನಾಯಿ. ನಮ್ಮ ಹಿಂದಿನವರು ಅದರ ಋಣವನ್ನು ಕಲ್ಲಿನ ಮೇಲೆಯೇ ಬರೆಸಿಟ್ಟಿದ್ದಾರೆ.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಕ್ರಿ.ಶ. 949-50ರ ಶಾಸನದ ಕಥೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದರೂ ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗ, ಬೇಕಾದ್ದನ್ನು ಕೇಳಿಕೋ ಎಂದ. ಮಣಲೆರ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ನಾಯಿಯ ಹೆಸರಿದೆ, ಒಡೆಯರ ಹೆಸರಿದೆ. ಕಾಳಿಯನ್ನು ಮರಿಯಿಂದ ಸಾಕಿದವರು ಯಾರೋ, ಅವರ ಹೆಸರಿಲ್ಲ.

ಮುಧೋಳ ನಾಯಿಯ ಚರಿತ್ರೆಯೂ ಹೀಗೆಯೇ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಧೋಳ ಸಂಸ್ಥಾನವನ್ನು ಆಳಿದ ಮಾಲೋಜಿರಾವ್ ಘೋರ್ಪಡೆಯವರು, ಬೇಡರ ಬೇಟೆನಾಯಿಗಳನ್ನು ಕಂಡು ಮೆಚ್ಚಿದರು. ತೆಳು ಮೈ, ನೀಳ ಮೂತಿ, ಉದ್ದ ಕಾಲು. ವಾಸನೆಗಿಂತ ಕಣ್ಣನ್ನೇ ನಂಬಿ ಬೇಟೆಯ ಬೆನ್ನುಹತ್ತುವ ಓಟ. ರಾಜರು ಒಳ್ಳೆಯವನ್ನೇ ಆರಿಸಿ ತಳಿ ಬೆಳೆಸಿದರು. ಐದನೆಯ ಜಾರ್ಜ್ ದೊರೆಗೆ ಒಂದು ಜೊತೆ ನಾಯಿಯನ್ನು ಕಾಣಿಕೆ ಕೊಟ್ಟರು. ಮುಧೋಳದ ಹೆಸರು ಸಮುದ್ರ ದಾಟಿತು.

ಆದರೆ ತಳಿ ಕಾಯುವುದು ಅಪ್ಪಣೆಯಿಂದ ಆಗುವ ಕೆಲಸವಲ್ಲ. ಬೆದೆಗೆ ಬಂದ ಹೆಣ್ಣುನಾಯಿಯನ್ನು ಬೀದಿನಾಯಿ ಸೇರದಂತೆ ಎರಡು ಮೂರು ವಾರ ಕಾಯಬೇಕು. ನಾವು ಸಂಬಂಧ ಬೆಳೆಸುವಾಗ ಗೋತ್ರ ನೋಡುವ ಹಾಗೆ, ಹತ್ತಿರದ ರಕ್ತವಾಗದಂತೆ ಗಂಡುನಾಯಿ ಹುಡುಕಬೇಕು. ಸುಮಾರು 63 ದಿನ ಗಬ್ಬದ ನಾಯಿಯ ಆರೈಕೆ, ಆಮೇಲೆ ಕಣ್ಣು ಬಿಡದ ಮರಿಗಳ ಬಾಣಂತನ. ಅಂಬಲಿ ಕಾಸುವವರು, ಮಕ್ಕಳ ಪಾಲಿನ ಹಾಲಿನಲ್ಲಿ ಒಂದು ಬಟ್ಟಲು ತೆಗೆದಿಡುವವರು ಯಾರೆಂದು ಹೆಂಗಸರಾದ ನಮಗೆ ಬಿಡಿಸಿ ಹೇಳಬೇಕಿಲ್ಲ.

ಒಮ್ಮೆ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹುಣಸೂರೇ ಸಾಕ್ಷಿ. ಮೈಸೂರು ಅರಸರೂ ಟಿಪ್ಪುವೂ ಬೆಳೆಸಿದ ಅಮೃತ ಮಹಲ್ ದನಗಳಿಗೆ ಬ್ರಿಟಿಷರ ಕಾಲದಲ್ಲಿ ಹುಣಸೂರು ಕೇಂದ್ರವಾಗಿತ್ತು. ಖರ್ಚಿನ ಲೆಕ್ಕ ಹಾಕಿ 1860ರಲ್ಲಿ ಸರ್ಕಾರ ಆ ಮಂದೆಯನ್ನೇ ಮಾರಿಬಿಟ್ಟಿತು. ತೋಪು ಎಳೆಯಲು ಅಂಥ ಎತ್ತು ಬೇರೆಲ್ಲೂ ಸಿಗದೆ, 1866ರಲ್ಲಿ ಚದುರಿದ್ದನ್ನು ಹುಡುಕಿ ಮತ್ತೆ ಮಂದೆ ಕಟ್ಟಬೇಕಾಯಿತು. ತಲೆಮಾರುಗಳ ದುಡಿಮೆಯನ್ನು ಮಾರಲು ಒಂದು ಆಜ್ಞೆ ಸಾಕಾಗಿತ್ತು.

ಮುಧೋಳದ ನಾಯಿಗೂ ಅಂಥ ದಿನಗಳು ಬಂದವು. 1948ರಲ್ಲಿ ಸಂಸ್ಥಾನ ಹೋಯಿತು, ಅರಮನೆಯ ಆಸರೆ ತಪ್ಪಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಯೂ ನಿಂತಿತು. ಬೇಟೆ ಸರಿಯಾಗಿಯೇ ನಿಂತಿತು. ಆದರೆ ನಾಯಿಗೆ ಕೆಲಸ ಹೋಯಿತು. ಕೆಲಸವಿಲ್ಲದ ಪ್ರಾಣಿಗೆ ಅನ್ನ ಹಾಕುವುದು ಬಡವರ ಮನೆಯಲ್ಲಿ ಸಣ್ಣ ಮಾತೇ? ಆದರೂ ಮುಧೋಳ ಸುತ್ತಿನ ರೈತ ಕುಟುಂಬಗಳು ಕೈಬಿಡಲಿಲ್ಲ. ಹೊಲ ಕಾಯಿಸಿದರು, ಜೋಳ ಹಾಲು ಹಾಕಿದರು, ಮರಿ ಮಾರಿ ನಾಲ್ಕು ಕಾಸು ಕಂಡರು. ಮನ್ನಣೆ ಬಂದದ್ದು ಎಷ್ಟೋ ಕಾಲದ ಮೇಲೆ. 2005ರಲ್ಲಿ ಅಂಚೆಚೀಟಿಯ ಮೇಲೆ ಮುಧೋಳ ನಾಯಿಯ ಚಿತ್ರ ಬಂತು. ಆಮೇಲೆ ಬೀದರದ ಪಶು ವಿಶ್ವವಿದ್ಯಾಲಯದ ಆಶ್ರಯದಲ್ಲಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವಾಯಿತು. 2016ರಲ್ಲಿ ಮರಿಗಳು ಸೈನ್ಯದ ತರಬೇತಿಗೆಂದು ಮೀರತ್‌ಗೆ ಹೋದವು.

ಈಗ ಪಟ್ಟಣದವರೂ ಈ ಮರಿಗಳನ್ನು ಆಸೆಪಟ್ಟು ತರುತ್ತಾರೆ. ಓಡುವುದಕ್ಕೆಂದೇ ಹುಟ್ಟಿದ ಪ್ರಾಣಿಯನ್ನು ವರಾಂಡದಲ್ಲಿ ಕಟ್ಟಿಹಾಕುವವರು ತರದಿರುವುದೇ ಮೇಲು. ತರುವವರು ಮರಿಯ ಅಂದವನ್ನಷ್ಟೇ ನೋಡದೆ, ಅದರ ತಾಯಿಯನ್ನೂ ಅದು ಬೆಳೆದ ಮನೆಯನ್ನೂ ನೋಡಿಬರಲಿ. ಅದಕ್ಕೆ ಅಂಬಲಿ ಕಾಸಿದ ಹೆಂಗಸಿನ ಹೆಸರನ್ನೂ ಕೇಳಿಬರಲಿ.